ವಿಶ್ವವಿದ್ಯಾಲಯದಲ್ಲಿ ಸುಸ್ಥಿರ ತರಕಾರಿ ಬೇಸಾಯ ಕಲಿಯಲು ಹೊರಟವರು ಕೋರ್ಸಿನಲ್ಲಿ ಏನನ್ನು ನೋಡಬೇಕು?

ಸಸಿಮಡಿ:

ಎಲ್ಲರಿಗೂ ನಮಸ್ಕಾರ. ಸಸ್ಯವಿಜ್ಞಾನದಲ್ಲಿ ಪದವಿ ಮುಗಿಸಿರುವ ನಾನು ಮುಂದಿನ ಎರಡು ವರ್ಷ ಸುಸ್ಥಿರ ತರಕಾರಿ ಬೇಸಾಯವನ್ನೂ ಸ್ಥಳೀಯ ಆಹಾರ ವ್ಯವಸ್ಥೆಗಳನ್ನೂ ವಿಶ್ವವಿದ್ಯಾಲಯದಲ್ಲಿಯೇ ಕಲಿಯಬೇಕೆಂದಿದ್ದೇನೆ. ಎರಡು ಕಡೆ ಪ್ರವೇಶ ಸಿಕ್ಕಿದೆ. ಮೊದಲನೆಯ ಕಡೆ ಮಣ್ಣುವಿಜ್ಞಾನ, ಸಸ್ಯರೋಗ, ಕೀಟಶಾಸ್ತ್ರ, ತಳಿ ಅಭಿವೃದ್ಧಿ ಎಲ್ಲವೂ ಗಟ್ಟಿಯಾಗಿವೆ. ಹೊಲದ ಕೆಲಸ ಮಾತ್ರ ವಾರಕ್ಕೆ ಒಂದು ಮಧ್ಯಾಹ್ನ, ಅದೂ ಒಂದೇ ಸೆಮಿಸ್ಟರ್. ಎರಡನೆಯ ಕಡೆ ವಿದ್ಯಾರ್ಥಿಗಳೇ ನಡೆಸುವ ತೋಟವಿದ್ದು, ಅಲ್ಲಿ ಬೆಳೆದದ್ದು ವಿದ್ಯಾರ್ಥಿನಿಲಯದ ಅಡುಗೆಮನೆಗೂ ಮೊದಲೇ ಹಣ ಕಟ್ಟಿದ ಚಂದಾದಾರರಿಗೂ ಹೋಗುತ್ತದೆ. ಆದರೆ ವಿಜ್ಞಾನದ ವಿಷಯಗಳು ಕಡಿಮೆ, ಆಹಾರ ನೀತಿ, ಸಹಕಾರ ಸಂಘ, ಮಾರಾಟ ಇಂಥವು ಹೆಚ್ಚು.

ಪಠ್ಯಕ್ರಮದ ಪುಸ್ತಿಕೆಗಳನ್ನು ಓದಿದರೆ ಎರಡೂ ಚೆನ್ನಾಗಿಯೇ ಕಾಣುತ್ತವೆ. ಈ ದಾರಿಯಲ್ಲಿ ಹೋಗಿ ಬಂದವರು, ಕಲಿಸುತ್ತಿರುವವರು, ಅಥವಾ ಇದರಿಂದ ದೂರ ಉಳಿದು ಬೇಸಾಯ ಮಾಡುತ್ತಿರುವವರು ಹೇಳಬೇಕು: ಪುಸ್ತಿಕೆಯಲ್ಲಿ ಕಾಣದ ಯಾವುದನ್ನು ನಾನು ಕೇಳಿ ತಿಳಿದುಕೊಳ್ಳಬೇಕು?

ಹಳೆಯ ಗುದ್ದಲಿ:

ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ತೋಟವನ್ನು ಹದಿನಾಲ್ಕು ವರ್ಷ ನೋಡಿಕೊಂಡವನಾಗಿ ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಒಂದು ಸೆಮಿಸ್ಟರ್ ಎಂದರೆ ಸುಮಾರು 16 ವಾರ, ಅಂದರೆ 112 ದಿನ. ಮೂಲಂಗಿ 25ರಿಂದ 30 ದಿನಗಳಲ್ಲಿ ಕೈಗೆ ಬರುತ್ತದೆ, ಲೆಟಿಸ್‌ಗೆ 45ರಿಂದ 60 ದಿನ ಸಾಕು. ಟೊಮೇಟೊ ಹಾಗಲ್ಲ. ಪ್ರೋಟ್ರೇ ಎಂಬ ಗುಳಿಗಳಿರುವ ತಟ್ಟೆಯಲ್ಲಿ ಸಸಿ ಬೆಳೆಸಲು ನಾಲ್ಕರಿಂದ ಆರು ವಾರ, ನಾಟಿಯಾದ ಮೇಲೆ ಮೊದಲ ಹಣ್ಣಿಗೆ ಇನ್ನೂ 60ರಿಂದ 80 ದಿನ. ಮೊದಲ ವಾರದಲ್ಲಿಯೇ ಬೀಜ ಹಾಕಿದ ವಿದ್ಯಾರ್ಥಿಗೂ ಹಣ್ಣು ಕೆಂಪಾಗುವುದು ಸರಿಯಾಗಿ ಪರೀಕ್ಷೆಯ ವಾರದಲ್ಲಿ. ಕೊಯ್ಲು, ವಿಂಗಡಣೆ, ಮಾರಾಟ, ಕೊನೆಗೆ ಗಿಡ ಕಿತ್ತು ಮಡಿಯನ್ನು ಮುಂದಿನ ಬೆಳೆಗೆ ಅಣಿಮಾಡುವುದು, ಇವೆಲ್ಲ ನಡೆಯುವಾಗ ಅವನು ಊರಿಗೆ ಹೋಗಿರುತ್ತಾನೆ.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಒಂದೇ ಸೆಮಿಸ್ಟರ್ ಹೊಲದ ಕೆಲಸವಿರುವ ಕೋರ್ಸುಗಳು ಬಿತ್ತನೆಯನ್ನು ಮಾತ್ರ ಕಲಿಸುತ್ತವೆ, ಬೇಸಾಯವನ್ನಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ತಾನು ಕಳೆದ ಋತುವಿನಲ್ಲಿ ಮಾಡಿದ ತಪ್ಪಿನ ಫಲವನ್ನು ಅದೇ ಮಡಿಯಲ್ಲಿ ಈ ಋತುವಿನಲ್ಲಿ ತಾನೇ ಉಣ್ಣದ ಹೊರತು ಯಾರಿಗೂ ಬೆಳೆ ಪರಿವರ್ತನೆ, ಅಂದರೆ ಒಂದೇ ನೆಲದಲ್ಲಿ ಬೆಳೆಗಳನ್ನು ಸರದಿಯಲ್ಲಿ ಬದಲಿಸುವುದು, ಅರ್ಥವಾಗುವುದಿಲ್ಲ. ಬೀಜ ಕಟ್ಟಲು ಬಿಟ್ಟ ಒಂದು ಕಳೆ ಗಿಡ ಮುಂದಿನ ವರ್ಷ ಎಷ್ಟು ತಾಸಿನ ಕಳೆ ಕೀಳುವ ಕೆಲಸ ತರುತ್ತದೆ ಎಂಬುದನ್ನು ಉಪನ್ಯಾಸದಲ್ಲಿ ಕೇಳಿದರೆ ಬೆನ್ನಿಗೆ ನಾಟುವುದಿಲ್ಲ.

ನಮ್ಮಲ್ಲೇ ಆದದ್ದು. ನಾನು ಸೇರಿದ ಎರಡನೆಯ ವರ್ಷ ರಜೆಗೆ ಮೊದಲು ವಿದ್ಯಾರ್ಥಿಗಳು ನಲವತ್ತು ಟ್ರೇ ಎಲೆಕೋಸಿನ ಸಸಿಗಳನ್ನು ಅಚ್ಚುಕಟ್ಟಾಗಿ ಎಬ್ಬಿಸಿ, ತಳಿಯ ಹೆಸರು, ಬಿತ್ತಿದ ದಿನ ಎಲ್ಲವನ್ನೂ ಚೀಟಿ ಬರೆದು ಸಿಕ್ಕಿಸಿ ಹೋಗಿದ್ದರು. ನೀರು ಹಾಕುವ ಸರದಿಯ ಪಟ್ಟಿ ಮಾತ್ರ ಯಾರೂ ಬರೆದಿರಲಿಲ್ಲ. ನಾನು ಜ್ವರದಿಂದ ಮೂರು ದಿನ ಮಲಗಿದ್ದೆ. ಎದ್ದು ಬಂದು ನೋಡಿದರೆ ಚೀಟಿಗಳು ನೆಟ್ಟಗೆ ನಿಂತಿದ್ದವು, ಸಸಿಗಳು ಮಲಗಿದ್ದವು. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಇದಾಗಲಿ: ರಜೆಯಲ್ಲಿ ತೋಟಕ್ಕೆ ನೀರು ಹಾಕುವವರು ಯಾರು?

ಬದುವಿನಿಂದ:

ಎಲ್ಲರೂ ಬೇಸರಿಸಿಕೊಳ್ಳಬಾರದು, ಆದರೂ ಕೇಳುತ್ತೇನೆ. ತರಕಾರಿ ಬೆಳೆಯುವುದಕ್ಕೆ ವಿಶ್ವವಿದ್ಯಾಲಯ ಏಕೆ? ನಾನು ಯಾವ ಪದವಿಯೂ ಇಲ್ಲದೆ ಇಪ್ಪತ್ತೆರಡು ವರ್ಷಗಳಿಂದ ಸಾಲು ಹೊಡೆದು ಬೆಳೆದು ಮಾರುತ್ತಿದ್ದೇನೆ. ಒಳ್ಳೆಯ ಬೆಳೆಗಾರರೊಬ್ಬರ ಬಳಿ ಎರಡು ವರ್ಷ ಕೆಲಸಕ್ಕೆ ನಿಂತರೆ, ಹಳೆಯ ಗುದ್ದಲಿಯವರು ಹೇಳಿದ ರಜೆಯ ತೊಂದರೆಯೇ ಹುಟ್ಟುವುದಿಲ್ಲ. ಅಲ್ಲಿ ರಜೆ ಎಂಬುದೇ ಇಲ್ಲ. ಮಣ್ಣಿನ ಹದ ಬಂದಿದೆಯೇ ಎಂದು ಮುಷ್ಟಿಯಲ್ಲಿ ಹಿಡಿದು ನೋಡುವುದನ್ನು, ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು ಎಂಬುದನ್ನು, ಯಾವ ಪ್ರಯೋಗಾಲಯವೂ ಕೈಗೆ ಹತ್ತಿಸಲಾರದು. ಹದ ತಪ್ಪಿದ ಜೇಡಿಮಣ್ಣನ್ನು ಹಸಿಯಿರುವಾಗಲೇ ಉತ್ತರೆ ಇಡೀ ಋತು ಹೆಂಟೆ ಒಡೆಯುತ್ತ ಕೂರಬೇಕು. ಒಮ್ಮೆ ಹಾಗೆ ಮಾಡಿದವನು ಮತ್ತೆ ಮಾಡುವುದಿಲ್ಲ.

ಮಣ್ಣಿನ ಲೆಕ್ಕ:

ಬದುವಿನಿಂದ ಬರೆಯುತ್ತಿರುವವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಮಣ್ಣುವಿಜ್ಞಾನ ಕಲಿಸುವ ನಾನು ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕಾಗಿದೆ.

ಒಬ್ಬ ಬೆಳೆಗಾರನ ಆಯುಷ್ಯದಲ್ಲಿ ಕಾಣದ ಕೆಲವು ಸಂಗತಿಗಳಿವೆ, ಅವನ್ನು ಕಾಯುತ್ತ ಕೂರುವ ತಾಳ್ಮೆ ಸಂಸ್ಥೆಗಳಿಗೆ ಮಾತ್ರ ಇರಲು ಸಾಧ್ಯ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಮಾರೋ ಪ್ಲಾಟ್ಸ್ ಎಂಬ ಪ್ರಯೋಗದ ತಾಕುಗಳಿವೆ. 1876ರಲ್ಲಿ ಆರಂಭವಾದ ಅವುಗಳಲ್ಲಿ ಒಂದು ಕಡೆ ಅಂದಿನಿಂದ ಇಂದಿನವರೆಗೆ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ, ಪಕ್ಕದಲ್ಲಿ ಬೆಳೆ ಪರಿವರ್ತನೆ. ಒಂದೇ ಬೆಳೆಯನ್ನು ಮತ್ತೆ ಮತ್ತೆ ಬೆಳೆದರೆ ನೆಲ ಹೇಗೆ ಬಡವಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಪಕ್ಕದಲ್ಲಿ ಗ್ರಂಥಾಲಯ ಕಟ್ಟಬೇಕಾಗಿ ಬಂದಾಗ, ಕಟ್ಟಡದ ನೆರಳು ಬೆಳೆಯ ಮೇಲೆ ಬೀಳಬಾರದೆಂದು ಅದನ್ನು ನೆಲದ ಕೆಳಗೆ ಕಟ್ಟಿದರು. 1969ರಲ್ಲಿ ಅದು ಸಿದ್ಧವಾಯಿತು. ಪುಸ್ತಕಗಳನ್ನು ನೆಲದೊಳಗಿಟ್ಟು ಜೋಳಕ್ಕೆ ಬಿಸಿಲು ಬಿಟ್ಟುಕೊಟ್ಟ ವಿಶ್ವವಿದ್ಯಾಲಯದ ಮೇಲೆ ನನಗೆ ವಿಶೇಷ ಗೌರವವಿದೆ.

ಇನ್ನು ತರಕಾರಿ ಬೆಳೆಗಾರರ ದಿನನಿತ್ಯದ ವಿಷಯಕ್ಕೇ ಬರೋಣ. ಕಾಂಪೋಸ್ಟ್ ಎಷ್ಟು ಹಾಕಿದರೂ ಒಳ್ಳೆಯದೇ ಎಂಬ ನಂಬಿಕೆ ಸಾವಯವ ತೋಟಗಳಲ್ಲಿ ಬೇರೂರಿದೆ. ಕಾಂಪೋಸ್ಟಿನಲ್ಲಿರುವ ಸಾರಜನಕದ ಬಹುಪಾಲು ಸಾವಯವ ರೂಪದಲ್ಲಿ ಕಟ್ಟಿಕೊಂಡಿರುತ್ತದೆ, ಮೊದಲ ವರ್ಷ ಬೆಳೆಗೆ ಸಿಗುವುದು ಅದರ ಸಣ್ಣ ಭಾಗ ಮಾತ್ರ. ರಂಜಕ ಹಾಗಲ್ಲ. ಸಗಣಿ ಗೊಬ್ಬರದಿಂದ ಮಾಡಿದ ಕಾಂಪೋಸ್ಟಿನಲ್ಲಿ ಸಾರಜನಕಕ್ಕೆ ಹೋಲಿಸಿದಾಗ ರಂಜಕವು ಬೆಳೆ ತೆಗೆದುಕೊಳ್ಳುವ ಪ್ರಮಾಣಕ್ಕಿಂತ ಹೆಚ್ಚೇ ಇರುತ್ತದೆ. ಸಾರಜನಕದ ಕೊರತೆ ನೀಗಲೆಂದು ವರ್ಷಕ್ಕೆರಡು ಬಾರಿ ದಪ್ಪನಾಗಿ ಕಾಂಪೋಸ್ಟ್ ಹರಡುವ ತೋಟದಲ್ಲಿ ಹತ್ತು ವರ್ಷಗಳಲ್ಲಿ ರಂಜಕ ಮೇಲೇರಿ ನಿಲ್ಲುತ್ತದೆ. ಅದು ಸತು, ಕಬ್ಬಿಣಗಳನ್ನು ಗಿಡಕ್ಕೆ ಸಿಗದಂತೆ ಮಾಡಬಲ್ಲದು, ಬೇರಿನೊಂದಿಗೆ ಬದುಕುವ ಮೈಕೊರೈಜಾ ಶಿಲೀಂಧ್ರಗಳನ್ನು ಹಿಂದೆ ಸರಿಸುತ್ತದೆ, ಮಳೆಯಲ್ಲಿ ಕೊಚ್ಚಿಹೋಗಿ ಕೆರೆಯಲ್ಲಿ ಪಾಚಿ ಬೆಳೆಸುತ್ತದೆ. ಗಿಡ ಹಸಿರಾಗಿಯೇ ಇರುವುದರಿಂದ ಕಣ್ಣಿಗೆ ಇದು ಯಾವುದೂ ಕಾಣುವುದಿಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮಾತ್ರ ಕಾಣುತ್ತದೆ. ಪರಿಹಾರವೂ ಹೊಸದಲ್ಲ. ಗಾಳಿಯ ಸಾರಜನಕವನ್ನು ಹಿಡಿಯುವ ದ್ವಿದಳ ಬೆಳೆಗಳನ್ನು ಹಸಿರೆಲೆ ಗೊಬ್ಬರವಾಗಿ ಬೆಳೆದು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಹೊರಗಿನ ರಂಜಕ ಒಂದಿಷ್ಟೂ ಸೇರದೆ ಸಾರಜನಕ ಸಿಗುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳಿಂದ ಇದು ನಡೆಯುತ್ತದೆ ಎಂದು ಜರ್ಮನ್ ವಿಜ್ಞಾನಿಗಳಾದ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು.

ಇನ್ನೊಂದು ಉದಾಹರಣೆ. ಎಲೆಕೋಸು, ಹೂಕೋಸುಗಳ ಬೇರು ಗದೆಯಂತೆ ಊದಿಕೊಳ್ಳುವ ಕ್ಲಬ್‌ರೂಟ್ ರೋಗಕ್ಕೆ ನಾಲ್ಕು ವರ್ಷದ ಬೆಳೆ ಪರಿವರ್ತನೆ ಸಾಕೆಂದು ನಂಬುವವರಿದ್ದಾರೆ. ಅದರ ಸುಪ್ತ ಬೀಜಕಗಳು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಮಣ್ಣಿನಲ್ಲಿ ಬದುಕಿರಬಲ್ಲವು. ನಡುವೆ ಹಸಿರೆಲೆ ಗೊಬ್ಬರಕ್ಕೆಂದು ಸಾಸಿವೆ ಬಿತ್ತಿದರಂತೂ ಮುಗಿಯಿತು. ಅದೂ ಅದೇ ಕುಟುಂಬದ್ದು, ರೋಗಕ್ಕೆ ನಾವೇ ಊಟ ಬಡಿಸಿದಂತೆ. ಮಣ್ಣಿನ ರಸಸಾರವನ್ನು (pH) ಸುಣ್ಣ ಹಾಕಿ 7.2ರ ಮೇಲಕ್ಕೆ ತಂದರೆ ರೋಗ ಹತೋಟಿಗೆ ಬರುತ್ತದೆ. ಎಷ್ಟು ಸುಣ್ಣ ಎಂಬುದು ಮಣ್ಣಿನ ಜೇಡಿಯ ಅಂಶವನ್ನೂ ಸಾವಯವ ಅಂಶವನ್ನೂ ಅವಲಂಬಿಸಿರುವುದರಿಂದ, ನೆರೆಯವರು ಹಾಕಿದಷ್ಟನ್ನೇ ನಾವೂ ಹಾಕುವಂತಿಲ್ಲ.

ಮುಷ್ಟಿಯಲ್ಲಿ ಹದ ನೋಡುವುದನ್ನು ನಾನು ಕೀಳಾಗಿ ಕಾಣುತ್ತಿಲ್ಲ, ನನಗೂ ಅದು ಬರುತ್ತದೆ. ಆದರೆ ಮುಷ್ಟಿಗೆ ರಂಜಕ ಸಿಗುವುದಿಲ್ಲ.

ಬದುವಿನಿಂದ:

ರಂಜಕದ ಮಾತು ತಟ್ಟಿತು. ನನ್ನ ಹಳೆಯ ಮಡಿಗಳಿಗೆ ವರ್ಷವೂ ಗೊಬ್ಬರ ಸುರಿಯುತ್ತಲೇ ಬಂದಿದ್ದೇನೆ, ಪರೀಕ್ಷೆ ಮಾಡಿಸಿ ಎಂಟು ವರ್ಷವಾಯಿತು. ಮಾಡಿಸುತ್ತೇನೆ. ಆದರೆ ಇದೆಲ್ಲವನ್ನೂ ವಿಶ್ವವಿದ್ಯಾಲಯದವರು ನಾಲ್ಕು ಗೋಡೆಗಳ ನಡುವೆ ಕಂಡುಹಿಡಿದರು ಎನ್ನುವ ಧಾಟಿಯನ್ನು ಮಾತ್ರ ಒಪ್ಪಲಾರೆ.

ಮಣ್ಣಿನ ಲೆಕ್ಕ:

ಒಪ್ಪಬೇಕಾಗಿಯೂ ಇಲ್ಲ. ಬ್ರಿಟಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ರೂಪಿಸಿದ ಕಾಂಪೋಸ್ಟ್ ವಿಧಾನ ಇಂದಿಗೂ ಇಂದೋರ್ ವಿಧಾನವೆಂದೇ ಹೆಸರಾಗಿದೆ. ಭಾರತದ ರೈತರನ್ನು ತನ್ನ ಗುರುಗಳೆಂದು ಅವರು ಮನಸಾರೆ ಒಪ್ಪಿಕೊಂಡಿದ್ದರು. 1931ರಲ್ಲಿ ಆ ವಿಧಾನವನ್ನು ವಿವರಿಸಿದ ಪುಸ್ತಕಕ್ಕೆ ಇಬ್ಬರು ಲೇಖಕರಿದ್ದರು, ಎರಡನೆಯವರು ರಸಾಯನವಿಜ್ಞಾನಿ ಯಶವಂತ ವಾಡ್. ಹೋವರ್ಡ್ ಅವರ ಹೆಸರು ಎಲ್ಲ ಪಠ್ಯಗಳಲ್ಲಿದೆ, ವಾಡ್ ಅವರದು ಹುಡುಕಿದರೂ ಸಿಗುವುದಿಲ್ಲ. ಯಾವ ಕೋರ್ಸು ಸೇರಿದರೂ ಈ ಅಭ್ಯಾಸವೊಂದನ್ನು ಬೆಳೆಸಿಕೊಳ್ಳಿ: ಒಂದು ವಿಧಾನವನ್ನು ಕಲಿತಾಗ ಅದು ಯಾವ ನೆಲದಲ್ಲಿ, ಯಾರ ಕೈಯಿಂದ ಬಂತು ಎಂದು ಕೇಳುವುದು. ಒಂದು ಹವಾಗುಣದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುವುದು ಈ ಪ್ರಶ್ನೆಯನ್ನು ಯಾರೂ ಕೇಳದಿದ್ದಾಗ.

ಮೂರನೆಯ ಸಾಲು:

ನಾನು ಮೂರು ವರ್ಷದ ಹಿಂದೆ ಇಂಥದ್ದೇ ಕೋರ್ಸು ಮುಗಿಸಿದವಳು. ನನಗೆ ಅಲ್ಲಿ ಸಿಕ್ಕ ಅತ್ಯಂತ ದೊಡ್ಡ ಪಾಠ ಪಠ್ಯಕ್ರಮದಲ್ಲಿ ಇರಲೇ ಇಲ್ಲ.

ಎರಡನೆಯ ಋತುವಿಗೆ ನಮ್ಮ ತಂಡವೇ ಕಾಂಪೋಸ್ಟ್ ಮಾಡಿತ್ತು. ಇಂಗಾಲ ಮತ್ತು ಸಾರಜನಕದ ಅನುಪಾತ 30ಕ್ಕೆ 1ರ ಆಸುಪಾಸಿನಲ್ಲಿರಬೇಕೆಂದು ಒಣಹುಲ್ಲು, ತರಕಾರಿ ಕಸ, ಹೊರಗಿನಿಂದ ತರಿಸಿದ ಕುದುರೆ ಲಾಯದ ಗೊಬ್ಬರ ಎಲ್ಲವನ್ನೂ ಲೆಕ್ಕ ಹಾಕಿ ಪದರ ಪದರವಾಗಿ ಪೇರಿಸಿದ್ದೆವು. ಬೆಳಿಗ್ಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿ ನೋಡಿದರೆ 62 ಡಿಗ್ರಿ. ರೋಗಾಣುಗಳೂ ಕಳೆ ಬೀಜಗಳೂ ಸಾಯಲು 55 ಡಿಗ್ರಿಗಿಂತ ಹೆಚ್ಚು ಶಾಖ ಹದಿನೈದು ದಿನ ನಿಲ್ಲಬೇಕು, ಆ ಅವಧಿಯಲ್ಲಿ ಕನಿಷ್ಠ ಐದು ಬಾರಿ ರಾಶಿಯನ್ನು ಮಗುಚಬೇಕು ಎಂಬ ಅಮೆರಿಕದ ಸಾವಯವ ನಿಯಮವನ್ನೇ ನಾವು ಪಾಲಿಸಿದೆವು. ಕೊನೆಗೆ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಕಾಡಿನ ವಾಸನೆಯ ಗೊಬ್ಬರ ಬಂತು. ಹೆಮ್ಮೆಯಿಂದ ಟೊಮೇಟೊ ಮತ್ತು ಬೀನ್ಸ್ ಮಡಿಗಳಿಗೆ ಹರಡಿದೆವು.

ಹನ್ನೆರಡನೆಯ ದಿನ ಬೀನ್ಸಿನ ಹೊಸ ಎಲೆಗಳು ಅಂಚು ಮೇಲೆತ್ತಿ ಬಟ್ಟಲಿನಂತೆ ಮುದುಡಿದವು. ಟೊಮೇಟೊ ಕುಡಿಗಳು ಜರೀಗಿಡದ ಚಿಗುರಿನಂತೆ ಸುರುಳಿ ಸುತ್ತಿದವು. ವೈರಸ್ ರೋಗವೆಂದು ನಾವು ಎರಡು ವಾರ ಕಳೆದೆವು, ಕೆಲವು ಗಿಡಗಳನ್ನು ಕಿತ್ತು ಸುಟ್ಟೆವು ಕೂಡ. ಆಮೇಲೆ ತಿಳಿಯಿತು, ಅದು ಅಮಿನೊಪೈರಾಲಿಡ್ ಗುಂಪಿನ ಕಳೆನಾಶಕದ ಶೇಷದ ಲಕ್ಷಣ. ಹುಲ್ಲುಗಾವಲಿಗೆ ಸಿಂಪಡಿಸಿದ ಅದು ಹುಲ್ಲಿನ ಮೂಲಕ ಕುದುರೆಯ ಹೊಟ್ಟೆಯನ್ನು ದಾಟಿ, ಗೊಬ್ಬರದಲ್ಲಿ ಉಳಿದು, ನಮ್ಮ 62 ಡಿಗ್ರಿಯ ಶಾಖವನ್ನೂ ದಾಟಿ ಬಂದಿತ್ತು. ಹುಲ್ಲಿಗೆ ಏನೂ ಆಗುವುದಿಲ್ಲ. ಅಗಲ ಎಲೆಯ ಗಿಡಗಳಿಗೆ, ಅದರಲ್ಲೂ ದ್ವಿದಳ ಮತ್ತು ಟೊಮೇಟೊ ಜಾತಿಗಳಿಗೆ, ಅತ್ಯಲ್ಪ ಪ್ರಮಾಣವೂ ಸಾಕು.

ತಪ್ಪಿಸುವ ದಾರಿ ನಾಚಿಕೆಯಾಗುವಷ್ಟು ಸುಲಭವಾಗಿತ್ತು. ಕಾಂಪೋಸ್ಟನ್ನು ಶುದ್ಧವೆಂದು ಗೊತ್ತಿರುವ ಮಣ್ಣಿನ ಮಿಶ್ರಣದೊಂದಿಗೆ ಸಮಸಮ ಬೆರೆಸಿ ನಾಲ್ಕು ಕುಂಡಗಳಲ್ಲಿ, ಬರೀ ಶುದ್ಧ ಮಿಶ್ರಣವನ್ನು ಇನ್ನು ನಾಲ್ಕರಲ್ಲಿ ತುಂಬಿ, ಎರಡಕ್ಕೂ ಬೀನ್ಸ್ ಬೀಜ ಹಾಕಿ ಮೂರು ವಾರ ಎಲೆಗಳನ್ನು ನೋಡುವುದು, ಅಷ್ಟೇ. ಒಂದು ಗುಂಪಿನ ನೀರು ಇನ್ನೊಂದಕ್ಕೆ ಹರಿಯಬಾರದು ಎಂಬುದೊಂದೇ ಎಚ್ಚರ. ಈಗ ನಾನು ಕೆಲಸ ಮಾಡುವ ಕಡೆ ಯಾವ ಗೊಬ್ಬರ ಬಂದರೂ ಮೊದಲು ಕುಂಡಕ್ಕೆ, ಆಮೇಲೆ ಮಡಿಗೆ.

ಈ ಕಥೆ ಹೇಳಿದ್ದು ಕೋರ್ಸನ್ನು ಹಳಿಯಲು ಅಲ್ಲ. ನಮ್ಮ ತೋಟದ ಉಸ್ತುವಾರಿಯವರು ಆ ಮಡಿಗಳನ್ನು ಮುಚ್ಚಿಹಾಕಲಿಲ್ಲ, ಪ್ರದರ್ಶನದ ದಿನ ಬಂದ ಅತಿಥಿಗಳಿಗೂ ಅವನ್ನೇ ತೋರಿಸಿ ನಮ್ಮಿಂದಲೇ ವಿವರಿಸಿದರು. ಕೆಟ್ಟ ಮಡಿಯನ್ನು ತೋರಿಸಲು ಧೈರ್ಯವಿರುವ ತೋಟವನ್ನು ಹುಡುಕಿ.

ಅಡುಗೆಮನೆಯಿಂದ:

ಇಲ್ಲಿಯವರೆಗೆ ಎಲ್ಲರೂ ಮಣ್ಣಿನ ಬಗ್ಗೆಯೇ ಬರೆದಿದ್ದಾರೆ. ದಿನಕ್ಕೆ ಒಂಬೈನೂರು ಜನರ ಊಟ ತಯಾರಿಸುವ ವಿದ್ಯಾರ್ಥಿನಿಲಯದ ಅಡುಗೆಮನೆಗೆ ತರಕಾರಿ ತರಿಸುವ ಹೊಣೆ ನನ್ನದು. ವಿದ್ಯಾರ್ಥಿ ತೋಟದಿಂದ ಐದು ವರ್ಷಗಳಿಂದ ಕೊಳ್ಳುತ್ತಿದ್ದೇವೆ. ಮೊದಲ ವರ್ಷ ಇಬ್ಬರಿಗೂ ಕಷ್ಟವಾಗಿತ್ತು ಎಂಬುದನ್ನು ಮರೆಮಾಚುವುದಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಅವರು ಮೂರು ಕ್ರೇಟು ಕ್ಯಾರೆಟ್ ತಂದಿಳಿಸಿದರು. ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಅರ್ಧದಷ್ಟು ಕಿರುಬೆರಳಿನ ಗಾತ್ರ, ಕೆಲವು ಎರಡು ಕಾಲಿನವು, ಸಂದುಗಳಲ್ಲೆಲ್ಲ ಒದ್ದೆ ಮಣ್ಣು. ನಮ್ಮ ಸಿಪ್ಪೆ ತೆಗೆಯುವ ಯಂತ್ರಕ್ಕೆ ಅವು ಒಗ್ಗಲಿಲ್ಲ. ಇಬ್ಬರು ಕೆಲಸದವರು ಒಂದೂವರೆ ತಾಸು ಕೈಯಲ್ಲಿ ಹೆರೆಯುತ್ತ ಕುಳಿತರು. ಆ ಒಂದೂವರೆ ತಾಸಿನ ಕೂಲಿಯನ್ನು ತೋಟದವರ ಬೆಲೆಪಟ್ಟಿಯಲ್ಲಿ ಯಾರೂ ಸೇರಿಸಿರಲಿಲ್ಲ. ವಿದ್ಯಾರ್ಥಿಗಳನ್ನು ಕರೆದು ಅಡುಗೆಮನೆಯೊಳಗೆ ನಿಲ್ಲಿಸಿ ತೋರಿಸಿದೆ. ಮುಂದಿನ ಬಾರಿ ಅವರು ಮಣ್ಣನ್ನು ಆಳವಾಗಿ ಸಡಿಲಿಸಿ ಕಲ್ಲು ಆರಿಸಿದರು, ಸಮಯಕ್ಕೆ ಸರಿಯಾಗಿ ಒತ್ತಾಗಿದ್ದ ಸಸಿಗಳನ್ನು ಕಿತ್ತು ತೆಳುಗೊಳಿಸಿದರು, ಸಣ್ಣವನ್ನು ಬೇರೆ ಮಾಡಿ ಚಂದಾದಾರರಿಗೆ ಕೊಟ್ಟರು. ಬೇಸಾಯ ಕ್ರಮವನ್ನು ಒಂದು ಯಂತ್ರದ ಅಳತೆ ತಿದ್ದಿತು ಎನ್ನಬಹುದು. ಸ್ಥಳೀಯ ಆಹಾರ ವ್ಯವಸ್ಥೆ ಎಂದರೆ ನನ್ನ ಮಟ್ಟಿಗೆ ಇದೇ: ಬೆಳೆಯುವವರೂ ಬೇಯಿಸುವವರೂ ಒಬ್ಬರನ್ನೊಬ್ಬರು ಕರೆದು ತೋರಿಸಬಹುದಾದಷ್ಟು ಹತ್ತಿರ ಇರುವುದು.

ಕೊಯ್ಲಿನ ನಂತರದ ನಿರ್ವಹಣೆಯನ್ನು ಕಲಿಸುತ್ತಾರೆಯೇ ಎಂದು ದಯವಿಟ್ಟು ಕೇಳಿ. ಕಿತ್ತ ತರಕಾರಿಯೂ ಉಸಿರಾಡುತ್ತಿರುತ್ತದೆ, ಶಾಖ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು-ಮೂರು ಪಟ್ಟಾಗುತ್ತದೆ. ಬೆಳಿಗ್ಗೆ ಆರಕ್ಕೆ ಕೊಯ್ದು ತಣ್ಣೀರಿನಲ್ಲಿ ಅದ್ದಿ ತಂಪಿನಲ್ಲಿಟ್ಟ ಲೆಟಿಸ್ ಮತ್ತು ಹನ್ನೊಂದಕ್ಕೆ ಕೊಯ್ದು ಬಿಸಿಲಿನಲ್ಲಿಟ್ಟ ಲೆಟಿಸ್ ಎರಡು ಬೇರೆ ಬೇರೆ ಸರಕುಗಳೇ ಸರಿ. ಹಾಗೆಂದು ಎಲ್ಲವನ್ನೂ ಒಂದೇ ಶೀತಕೋಣೆಗೆ ತಳ್ಳುವಂತಿಲ್ಲ. ಸೊಪ್ಪು ಮತ್ತು ಕ್ಯಾರೆಟ್‌ಗೆ ಸೊನ್ನೆ ಡಿಗ್ರಿಯ ಹತ್ತಿರದ ಚಳಿ, ತುಂಬ ತೇವದ ಗಾಳಿ ಬೇಕು. ಟೊಮೇಟೊ, ಸೌತೆಕಾಯಿಗಳನ್ನು 10 ಡಿಗ್ರಿಗಿಂತ ಕೆಳಗಿಟ್ಟರೆ ಚಳಿಗೇ ಕೆಡುತ್ತವೆ. ನಾನು ಭೇಟಿಯಾದ ಒಂದು ತಂಡ ಕೊಯ್ಲಿಗೆ ಮೊದಲೇ ಚಂದದ ಲೇಬಲ್ ಅಚ್ಚು ಹಾಕಿಸಿತ್ತು, ಆದರೆ ತೂಕದ ಯಂತ್ರ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ.

ಸಸಿಮಡಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಒಂದು ಗೊಂದಲ ಉಳಿದಿದೆ. ಎರಡನೆಯ ಕೋರ್ಸಿನ ಪುಸ್ತಿಕೆಯಲ್ಲಿ ಸ್ಥಳೀಯ ಆಹಾರವೇ ಪರಿಸರಕ್ಕೆ ಹಿತವಾದ ಆಹಾರ ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ಸಾಗಣೆಯ ದೂರ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಅಷ್ಟು ಸರಳವೇ?

ಮಣ್ಣಿನ ಲೆಕ್ಕ:

ಸರಳವಲ್ಲ, ಅದನ್ನು ಸರಳವೆಂದು ಕಲಿಸುವ ಕೋರ್ಸನ್ನು ಅನುಮಾನದಿಂದ ನೋಡಿ. ಅಮೆರಿಕದ ಮನೆಗಳ ಆಹಾರವನ್ನು ಕುರಿತು ವೆಬರ್ ಮತ್ತು ಮ್ಯಾಥ್ಯೂಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರದ ಒಟ್ಟು ಹಸಿರುಮನೆ ಅನಿಲಗಳಲ್ಲಿ ಶೇಕಡಾ 83ರಷ್ಟು ಉತ್ಪಾದನೆಯ ಹಂತದಲ್ಲಿಯೇ ಹೊರಬಂದಿತ್ತು. ಎಲ್ಲ ಬಗೆಯ ಸಾಗಣೆ ಸೇರಿ ಶೇಕಡಾ 11, ಅದರಲ್ಲಿ ಬೆಳೆಗಾರನಿಂದ ಅಂಗಡಿಯವರೆಗಿನ ಕೊನೆಯ ಸಾಗಣೆ ಕೇವಲ ಶೇಕಡಾ 4. ವಿಮಾನದಲ್ಲಿ ಬರುವ ತಾಜಾ ತರಕಾರಿಯ ಮಾತು ಬೇರೆ. ಇಂಧನ ಉರಿಸಿ ಬೆಚ್ಚಗಿಟ್ಟ ಗಾಜಿನ ಮನೆಯಲ್ಲಿ ಪಕ್ಕದಲ್ಲೇ ಬೆಳೆದ ಟೊಮೇಟೊಗಿಂತ ದೂರದ ಬಯಲಿನಲ್ಲಿ ಬಿಸಿಲಿಗೆ ಬೆಳೆದದ್ದು ಎಷ್ಟೋ ಬಾರಿ ಪರಿಸರಕ್ಕೆ ಹಗುರ. ಸ್ಥಳೀಯವಾದದ್ದೆಲ್ಲ ತನ್ನಿಂತಾನೇ ನ್ಯಾಯವೂ ಸುಸ್ಥಿರವೂ ಆಗಿರುತ್ತದೆ ಎಂದು ಭಾವಿಸುವುದನ್ನು ಸಂಶೋಧಕರಾದ ಬಾರ್ನ್ ಮತ್ತು ಪರ್ಸೆಲ್ 2006ರಲ್ಲಿಯೇ ‘ಸ್ಥಳೀಯತೆಯ ಬಲೆ’ ಎಂದು ಕರೆದಿದ್ದರು.

ಮೂರನೆಯ ಸಾಲು:

ಅನಿಲಗಳ ಲೆಕ್ಕದಲ್ಲಿ ಸೋತರೂ ಸ್ಥಳೀಯ ವ್ಯವಸ್ಥೆಗೆ ಬೇರೆ ಸಮರ್ಥನೆಗಳಿವೆ ಎಂದು ಸೇರಿಸುತ್ತೇನೆ. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ ತೇಯ್ಕೇ ಪದ್ಧತಿಯಲ್ಲಿ ಗ್ರಾಹಕರ ಗುಂಪುಗಳು ನೇರವಾಗಿ ರೈತರೊಂದಿಗೆ ಒಪ್ಪಂದ ಮಾಡಿಕೊಂಡವು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳಿಂದ ಚಂದಾದಾರ ಪದ್ಧತಿ ಆರಂಭವಾಯಿತು. ಎರಡರ ಜೀವಾಳವೂ ನಷ್ಟವನ್ನು ಹಂಚಿಕೊಳ್ಳುವುದು. ಋತುವಿನ ಆರಂಭದಲ್ಲಿ, ಬೀಜ ಗೊಬ್ಬರಕ್ಕೆ ದುಡ್ಡು ಬೇಕಾದಾಗ ಹಣ ಬರುತ್ತದೆ; ಆಲಿಕಲ್ಲು ಬಿದ್ದರೆ ಆ ವಾರ ಎಲ್ಲರ ಬುಟ್ಟಿಯೂ ಸಣ್ಣದಾಗುತ್ತದೆ, ಬೆಳೆಗಾರನೊಬ್ಬನೇ ಮುಳುಗುವುದಿಲ್ಲ. ಆದರೆ ಇದು ಕಾಗದದ ಮೇಲೆ ಕಾಣುವಷ್ಟು ಸುಲಭವಲ್ಲ. ಇಪ್ಪತ್ತು ವಾರ ಬಿಡದೆ ಎಂಟು ಬಗೆಯ ತರಕಾರಿ ಬುಟ್ಟಿಯಲ್ಲಿರಬೇಕಾದರೆ ಲೆಟಿಸನ್ನು ಪ್ರತಿ ಹತ್ತು ದಿನಕ್ಕೊಮ್ಮೆ ಬಿತ್ತಬೇಕು, ಬೀನ್ಸನ್ನು ಎರಡು-ಮೂರು ವಾರಕ್ಕೊಮ್ಮೆ; ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದು ಬಿತ್ತನೆಯ ದಿನ ಕಂಡುಹಿಡಿಯಬೇಕು. ಐದನೆಯ ವಾರವೂ ಬರೀ ಮೂಲಂಗಿ ಮತ್ತು ಎಲೆಕೋಸು ಕೊಟ್ಟಾಗ ಚಂದಾದಾರರು ಏನೆನ್ನುತ್ತಾರೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ.

ಹಳೆಯ ಗುದ್ದಲಿ:

ಕೊನೆಯದಾಗಿ ಒಂದು ಮಾತು. ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ತೋಟ ಶುರುವಾದದ್ದು 1967ರಲ್ಲಿ. ಶುರು ಮಾಡಿದ ಆಲನ್ ಚಾಡ್ವಿಕ್ ಪ್ರಾಧ್ಯಾಪಕರಾಗಿರಲಿಲ್ಲ. ತೋಟಗಾರರು, ಅದಕ್ಕೂ ಮುಂಚೆ ಷೇಕ್ಸ್‌ಪಿಯರ್ ನಾಟಕಗಳ ನಟರು. ಕಲ್ಲು ತುಂಬಿದ ಇಳಿಜಾರಿನಲ್ಲಿ ಸಲಿಕೆ, ಗುದ್ದಲಿ ಹಿಡಿದು ಮಣ್ಣನ್ನು ಎರಡು ಸಲಿಕೆಯಷ್ಟು ಆಳಕ್ಕೆ ಅಗೆಯುತ್ತಿದ್ದ ಅವರನ್ನು ನೋಡಿ ವಿದ್ಯಾರ್ಥಿಗಳು ತಾವಾಗಿಯೇ ಸೇರಿಕೊಂಡರು. ಅದೇ ತೋಟ ಮುಂದೆ ಬೆಳೆಗಾರರನ್ನು ತರಬೇತುಗೊಳಿಸುವ ಕೇಂದ್ರವಾಗಿ, ಸಂಶೋಧನೆಯ ನೆಲೆಯಾಗಿ ಬೆಳೆಯಿತು. ಅಂದರೆ ವಿಜ್ಞಾನವೋ ಕೈಕೆಲಸವೋ ಎಂದು ಒಂದನ್ನು ಆರಿಸಲೇಬೇಕಾಗಿಲ್ಲ. ಆದರೆ ಕೈಕೆಲಸ ಮೊದಲೇ ಇದ್ದಲ್ಲಿ ವಿಜ್ಞಾನ ಬಂದು ಸೇರುವುದು ಸುಲಭ, ಅದಕ್ಕೆ ತದ್ವಿರುದ್ಧವಾಗಿ ಆಗುವುದು ಅಪರೂಪ. ಸಸಿಮಡಿಯವರೇ, ನಿಮಗೆ ಸಸ್ಯವಿಜ್ಞಾನದ ಬುನಾದಿ ಆಗಲೇ ಇದೆ. ನನ್ನ ಒಲವು ಎರಡನೆಯ ಕೋರ್ಸಿನ ಕಡೆಗೆ, ಮಣ್ಣು ಮತ್ತು ರೋಗಗಳ ವಿಷಯಗಳನ್ನು ಐಚ್ಛಿಕವಾಗಿ ತೆಗೆದುಕೊಳ್ಳಲು ಅವಕಾಶವಿದ್ದರೆ.

ನಿರ್ಧರಿಸುವ ಮೊದಲು ಎರಡೂ ಕಡೆ ಹೋಗಿ ತೋಟದ ದಿನಚರಿ ಪುಸ್ತಕ ತೋರಿಸಲು ಕೇಳಿ. ಬಿತ್ತಿದ ದಿನ, ತಳಿ, ಕಳೆ ಕೀಳಲು ಹಿಡಿದ ತಾಸು, ಕೊಯ್ದ ತೂಕ, ಎಸೆದ ತೂಕ ಅದರಲ್ಲಿರಬೇಕು. ಎಸೆದ ತೂಕದ ಅಂಕಣ ಇಲ್ಲದ ಪುಸ್ತಕ ಅರ್ಧ ಪುಸ್ತಕ.

ಸಸಿಮಡಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎರಡೂ ಕಡೆ ಹೋಗಿ ಬಂದೆ.

ಮೊದಲನೆಯ ಕಡೆ ಪ್ರಯೋಗಾಲಯ ನೋಡಿ ಮನಸ್ಸು ತುಂಬಿತು, ಅದನ್ನು ಹೇಳಲೇಬೇಕು. ಹೊಲದ ದಾಖಲೆ ಕೇಳಿದಾಗ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪುಸ್ತಕಗಳನ್ನು ತಂದುಕೊಟ್ಟರು. ಎಲ್ಲವೂ ಅಂದವಾದ ಅಕ್ಷರಗಳಲ್ಲಿದ್ದವು, ಎಲ್ಲವೂ ಪರೀಕ್ಷೆಯ ಹಿಂದಿನ ವಾರಕ್ಕೆ ನಿಂತಿದ್ದವು. ಕೊಯ್ಲಿನ ಪುಟದಲ್ಲಿ ‘ನಿರೀಕ್ಷಿತ ಇಳುವರಿ’ ಎಂದು ಬರೆದಿತ್ತು.

ಎರಡನೆಯ ಕಡೆ ಪುಸ್ತಕ ಉಪಕರಣಗಳ ಕೊಠಡಿಯ ಗೋಡೆಗೆ ದಾರದಲ್ಲಿ ತೂಗುತ್ತಿತ್ತು. ರಟ್ಟಿಗೆ ಕೆಸರು ಹತ್ತಿತ್ತು, ಪುಟಗಳ ಅಂಚು ನೀರು ಕುಡಿದು ಉಬ್ಬಿತ್ತು. ರಜೆಯ ವಾರಗಳನ್ನು ಹುಡುಕಿದೆ. ಬೇರೆ ಬೇರೆ ಮೂವರ ಅಕ್ಷರಗಳಲ್ಲಿ ದಿನವೂ ಒಂದೆರಡು ಸಾಲು ಇತ್ತು: ‘ಏಳನೆಯ ಮಡಿ, ಮೂರನೆಯ ಹನಿಕೊಳವೆ ಕಟ್ಟಿದೆ, ತುದಿ ಬಿಚ್ಚಿ ತೊಳೆದೆ.’ ಮರುದಿನ: ‘ಮತ್ತೆ ಕಟ್ಟಿದೆ. ಫಿಲ್ಟರ್ ನೋಡಬೇಕು.’ ಅದರ ಮರುದಿನ: ‘ಫಿಲ್ಟರಿನಲ್ಲಿ ಪಾಚಿ. ಸೌತೆ 11 ಕಿಲೊ ಕೊಯ್ದೆ, 4 ಕಿಲೊ ಬಲಿತಿತ್ತು, ಎಸೆದೆ.’ ಐಚ್ಛಿಕ ವಿಷಯಗಳ ಬಗ್ಗೆ ಕೇಳಿದೆ, ಮಣ್ಣುವಿಜ್ಞಾನದ ಎರಡು ವಿಷಯಗಳನ್ನು ಪಕ್ಕದ ವಿಭಾಗದಲ್ಲಿ ತೆಗೆದುಕೊಳ್ಳಬಹುದಂತೆ. ಮಣ್ಣು ಪರೀಕ್ಷೆ ಕೊನೆಯ ಬಾರಿ ಯಾವಾಗ ಮಾಡಿಸಿದ್ದು ಎಂದಾಗ ಮಾತ್ರ ಉಸ್ತುವಾರಿಯವರು ನಕ್ಕು, ಆ ಕೆಲಸ ನಿಮಗೇ ಇರಲಿ ಎಂದರು. ಅಲ್ಲಿಗೇ ಸೇರುತ್ತಿದ್ದೇನೆ.

ಬದುವಿನಿಂದ:

ಒಳ್ಳೆಯದಾಯಿತು. ನನ್ನ ಮಣ್ಣಿನ ಪರೀಕ್ಷೆಯ ಚೀಟಿಯೂ ಬಂತು, ರಂಜಕ ‘ಅತಿ ಹೆಚ್ಚು’ ಎಂದಿದೆ. ಈ ಋತುವಿಗೆ ಹಳೆಯ ಮಡಿಗಳಿಗೆ ಗೊಬ್ಬರ ನಿಲ್ಲಿಸಿ ಅರ್ಧಕ್ಕೆ ಹಸಿರೆಲೆ ಗೊಬ್ಬರದ ಸೆಣಬು (ದ್ವಿದಳ ಜಾತಿಯ ಅಪ್ಸೆಣಬು) ಬಿತ್ತಿದ್ದೇನೆ, ಇನ್ನರ್ಧವನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟಿದ್ದೇನೆ. ಮಣ್ಣಿನ ಲೆಕ್ಕದವರು ಒಮ್ಮೆ ಹೇಳಲಿ, ಸೆಣಬನ್ನು ಮಣ್ಣಿಗೆ ಸೇರಿಸಿ ಎಷ್ಟು ದಿನ ಬಿಟ್ಟು ಹೂಕೋಸು ನಾಟಿ ಮಾಡಬಹುದು?

ಮಣ್ಣಿನ ಲೆಕ್ಕ:

ಕಾಂಡ ಇನ್ನೂ ಎಳೆಯದಾಗಿದ್ದು, ಹೂ ಆಗಷ್ಟೇ ಕಾಣುತ್ತಿರುವಾಗ ಸೇರಿಸಿದರೆ ಎರಡರಿಂದ ಮೂರು ವಾರ. ಬಲಿತು ನಾರಾಗಲು ಬಿಟ್ಟರೆ ಕೊಳೆಯಲು ತಡವಾಗುತ್ತದೆ, ಆ ನಡುವೆ ಮಣ್ಣಿನ ಸಾರಜನಕವನ್ನೂ ಸೂಕ್ಷ್ಮಜೀವಿಗಳು ಹಿಡಿದಿಟ್ಟುಕೊಳ್ಳುತ್ತವೆ. ಮಣ್ಣಿನಲ್ಲಿ ತೇವ ಇರುವಂತೆ ನೋಡಿಕೊಳ್ಳಿ. ಹೋಲಿಕೆಗೆ ಬಿಟ್ಟ ಅರ್ಧದಲ್ಲಿ ಬಂದ ಹೂಕೋಸನ್ನೂ ಬೇರೆಯಾಗಿ ತೂಕ ಮಾಡಿ ಬರೆದಿಡಿ, ಕೊಯ್ಲಾದ ಮೇಲೆ ಇಲ್ಲಿ ಹಾಕಿ.